ನಾಯಿಸ್ವಾಮಿಗೆ ಬೆಳ್ಳಿಯ ಶ್ವಾಸಕೋಶ

ಮಂಗಳವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಮಲ್ಲೇಶ್ವರದ ನನ್ನ ಮನೆಯಿಂದ ಹೊರಟೆವು. ಜೊತೆಗಿದ್ದವರು ಹಿಂದಿನ ರಾತ್ರಿ ನಮ್ಮಲ್ಲೇ ಉಳಿದಿದ್ದ ನನ್ನ ತಂದೆಯ ತಂಗಿ ನೀಲಮ್ಮ. ನನಗೆ ನೀಲತ್ತೆ. ಅವರಿಗೆ ಎಪ್ಪತ್ತಾರು, ನನಗೆ ಐವತ್ತೆರಡು. ಹೋಗಬೇಕಾದ ಊರು ನಾವಿಬ್ಬರೂ ಹುಟ್ಟಿ ಬೆಳೆದ ಬೆಂಗಳೂರೇ. ಊರೊಳಗೆ ಎಲ್ಲಿಗೆ ಎಂಬುದು ಮಾತ್ರ ಸರಿಯಾಗಿ ಗೊತ್ತಿರಲಿಲ್ಲ. ದಿನದ ಕೊನೆಗೆ ಕೂಡಿಸಿ ನೋಡಿದರೆ ಕ್ರಮಿಸಿದ ದೂರ ಒಂಬತ್ತು ಕಿಲೋಮೀಟರ್ ಇದ್ದೀತು. ಹಿಮಾಲಯಕ್ಕೆ ಹೋಗಿ ಬಂದ ನೆರೆಯವರು ಇದನ್ನು ನಾನು ಪ್ರವಾಸ ಎನ್ನುವುದಕ್ಕೆ ನಕ್ಕರೆ ನಗಲಿ.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕೊರೋನಾದ ಎರಡನೇ ಅಲೆಯಲ್ಲಿ ನಾನು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಅದರಲ್ಲಿ ಹನ್ನೊಂದು ದಿನ ಆಮ್ಲಜನಕದ ನಳಿಕೆ ಮೂಗಿನಲ್ಲಿತ್ತು ಎಂದು ನನಗೆ ನೆನಪು. ಆಸ್ಪತ್ರೆಯ ಕಾಗದ ಹದಿನಾಲ್ಕು ಎನ್ನುತ್ತದೆ. ಆಗ ಎನ್.ಆರ್. ಕಾಲೋನಿಯ ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ನೀಲತ್ತೆ ಒಂದು ಹರಕೆ ಹೊತ್ತರು. "ನಾಯಿಸ್ವಾಮಿ, ನಮ್ಮ ಗಿರಿಜೆ ಉಸಿರು ಉಳಿಸ್ಕೊಡಿ. ಬೆಳ್ಳಿ ಲಂಗ್ಸ್ ಮಾಡಿಸ್ಕೊಂಡು, ಅವಳನ್ನೂ ನಡೆಸ್ಕೊಂಡು ನಿಮ್ಮ ಹತ್ರ ಬರ್ತೀನಿ." ನನ್ನ ಉಸಿರು ಉಳಿಯಿತು. ಹರಕೆಯ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಿದ್ದು ಈ ವರ್ಷ, ತಮ್ಮ ಪಿತ್ತಕೋಶದಲ್ಲಿ ಕಲ್ಲಾಗಿದೆ, ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ. ಆಪರೇಶನ್ನಿಗೆ ಎರಡು ಸಲ ದಿನ ಗೊತ್ತಾಯಿತು. ಎರಡು ಸಲವೂ ಅತ್ತೆ ಹೋಗಲಿಲ್ಲ.

"ಹರಕೆ ಬಾಕಿ ಇಟ್ಕೊಂಡು ನಾನು ಆ ಟೇಬಲ್ ಹತ್ತಲ್ಲ," ಎಂದರು. "ಅಲ್ಲೇ ಹೋಗ್ಬಿಟ್ರೆ? ಮೇಲೆ ಹೋಗಿ ಏನಂತ ಮುಖ ತೋರಿಸ್ಲಿ?"

ಮೂರನೆಯ ಸಲ ಇದೇ ವಾರದ ಗುರುವಾರಕ್ಕೆ ಗೊತ್ತಾಗಿತ್ತು. ಇನ್ನೊಂದು ಸಲ ನೋವು ಬಂದು ಸೋಂಕು ಏರಿದರೆ ತಮ್ಮನ್ನು ಕೇಳಬೇಡಿ ಎಂದು ಡಾಕ್ಟರು ಅತ್ತೆಯ ಮಗ ರಾಜುವಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ರಾಜು ನನಗೆ ಫೋನ್ ಮಾಡಿ, "ಅಕ್ಕಾ, ನಿನ್ನ ಲಂಗ್ಸ್ ದೆಸೆಯಿಂದ ನಮ್ಮಮ್ಮನ ಹೊಟ್ಟೆ ಕಾಯ್ತಾ ಇದೆ. ನೀನೇ ಏನಾದ್ರೂ ಮಾಡು," ಎಂದ. ಆದ್ದರಿಂದ ಈ ಪ್ರಯಾಣ.

ತೊಡಕು ಇದ್ದದ್ದು ನಾಯಿಸ್ವಾಮಿ ಯಾರು, ಎಲ್ಲಿದ್ದಾರೆ ಎಂಬುದರಲ್ಲಿ. ನಮ್ಮದು ನಗರ್ತಪೇಟೆಯಲ್ಲಿ ಹಿತ್ತಾಳೆ ಪಾತ್ರೆ ಮಾರಿಕೊಂಡಿದ್ದ ಮನೆತನ. ಅತ್ತೆ ಇಂದಿಗೂ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಬೆಳಿಗ್ಗೆ ಪೂಜೆಯಾಗದೆ ನೀರು ಮುಟ್ಟದವರು. ನಾಯಿಸ್ವಾಮಿಯಾದರೋ ಚರ್ಚಿನಲ್ಲಿರುವ ಒಬ್ಬ ಸಂತ. ಅತ್ತೆ ಆತನನ್ನು ನೋಡಿದ್ದು ಒಂದೇ ಸಲ, ಆರು ವರ್ಷದವರಿದ್ದಾಗ, ತಮ್ಮ ಅಜ್ಜಿಯ ಕೈ ಹಿಡಿದುಕೊಂಡು. ಅವರಿಗೆ ನೆನಪಿದ್ದದ್ದು ಇಷ್ಟು: ಹಸಿರು ಬಾಗಿಲು, ಸಣ್ಣ ಗುಡಿ, ತೊಡೆಯ ಗಾಯ ತೋರಿಸುತ್ತಾ ನಿಂತ ಸ್ವಾಮಿ, ಕಾಲ ಬಳಿ ನಾಯಿ. ರಸ್ತೆ ನೆನಪಿಲ್ಲ, ಹೆಸರು ಕೇಳಿಯೇ ಇಲ್ಲ.

ನಾನು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಹಳೆಯ ಕಡತಗಳ ನಡುವೆ ಕೆಲಸ ಮಾಡಿದವಳು. ಅಚ್ಚುಕಟ್ಟಾದ ನೆನಪು ಕಂಡರೆ ನನಗೆ ಗುಮಾನಿ. ಜನ ನೆನಪಿನಲ್ಲಿ ಗೋಡೆಗೆ ಬಣ್ಣ ಹೊಡೆಯುತ್ತಾರೆ, ಬಾಗಿಲು ಕೂರಿಸುತ್ತಾರೆ, ಮರ ನೆಡುತ್ತಾರೆ. ಅತ್ತೆಯ ಹಸಿರು ಬಾಗಿಲನ್ನು ಬದಿಗಿಟ್ಟು, ನಾಯಿ ಮತ್ತು ಗಾಯವನ್ನಷ್ಟೇ ಹಿಡಿದು ಹುಡುಕಿದೆ. ಸಿಕ್ಕವರು ಸಂತ ರೋಕ್, ಪ್ಲೇಗ್ ರೋಗಿಗಳ ಪಾಲಕ.

ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದಿಂದ ಚಿಕ್ಕಪೇಟೆಗೆ ತಲಾ ಇಪ್ಪತ್ತು ರೂಪಾಯಿ. ನಾನು ಎರಡು ಇಡ್ಲಿ ತಿಂದಿದ್ದೆ. ಅತ್ತೆ ಒಂದು ಲೋಟ ಕಾಫಿಯ ಮೇಲೆ ಹೊರಟಿದ್ದರು. ಜುಲೈ ತಿಂಗಳ ಗಾಳಿ, ಬಂದೂ ಬಾರದ ತುಂತುರು. ರೈಲಿನಲ್ಲಿ ಒಬ್ಬ ಹುಡುಗಿ ಎದ್ದು ಅತ್ತೆಗೆ ಜಾಗ ಕೊಟ್ಟಳು. ನಾನು ಕಂಬ ಹಿಡಿದು ನಿಂತು, ಬಗ್ಗಿ, ಸಂತರ ಕಥೆ ಹೇಳತೊಡಗಿದೆ.

ಫ್ರಾನ್ಸಿನ ದಕ್ಷಿಣದಲ್ಲಿ ಒಂದು ಸಿರಿವಂತರ ಮನೆ. ಬಹಳ ಕಾಲ ಕಾದ ಮೇಲೆ ಹುಟ್ಟಿದ ಮಗ. ಎದೆಯ ಮೇಲೆ ಶಿಲುಬೆಯಾಕಾರದ ಕೆಂಪು ಮಚ್ಚೆ. ಇಪ್ಪತ್ತರ ಹೊತ್ತಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಇದ್ದದ್ದನ್ನೆಲ್ಲ ಬಡವರಿಗೆ ಹಂಚಿ, ಕೋಲು ಹಿಡಿದು ರೋಮಿನ ಯಾತ್ರೆಗೆ ಹೊರಟ. ದಾರಿಯ ಊರುಗಳಲ್ಲಿ ಪ್ಲೇಗ್. ಯಾತ್ರೆ ನಿಲ್ಲಿಸಿ ರೋಗಿಗಳ ಸೇವೆಗೆ ನಿಂತ. ಕೊನೆಗೆ ಅವನ ತೊಡೆಯಲ್ಲೇ ಗಂಟು ಎದ್ದಿತು. ಯಾರಿಗೂ ಹೊರೆಯಾಗಬಾರದೆಂದು ಕಾಡಿಗೆ ಹೋಗಿ ಮಲಗಿದ. ಅಷ್ಟರಲ್ಲಿ ಮೆಜೆಸ್ಟಿಕ್‌ನಲ್ಲಿ ಜನ ರೈಲಿಗೆ ನುಗ್ಗಿದರು. ನಾನು ಕಂಬದಿಂದ ಅರ್ಧ ಬೋಗಿಯಷ್ಟು ದೂರ ಸರಿದೆ. ಮತ್ತೆ ಅತ್ತೆಯ ಹತ್ತಿರ ಬರುವಷ್ಟರಲ್ಲಿ ಚಿಕ್ಕಪೇಟೆ ಬಂತು.

"ಆಮೇಲೆ?" ಎಂದರು ಅತ್ತೆ, ಮೆಟ್ಟಿಲ ಮೇಲೆ ನಿಂತು.

"ಒಂದು ನಾಯಿ ದಿನಾ ಅದರ ಒಡೆಯನ ಮನೆಯಿಂದ ಒಂದು ರೊಟ್ಟಿ ಕಚ್ಕೊಂಡು ಬಂದು ಕೊಡ್ತಿತ್ತಂತೆ. ಗಾಯ ನೆಕ್ತಿತ್ತಂತೆ. ಒಡೆಯ ಒಂದಿನ ನಾಯಿ ಹಿಂದೇನೇ ಹೋಗಿ ಇವನನ್ನ ಕಂಡ. ವಾಸಿ ಆಯ್ತು. ವಾಪಸ್ ಊರಿಗೆ ಬಂದ. ಊರಲ್ಲಿ ಯಾರೂ ಗುರುತು ಹಿಡೀಲಿಲ್ಲ. ಗೂಢಚಾರ ಅಂತ ಜೈಲಿಗೆ ಹಾಕಿದ್ರು. ಹಾಕಿದವನು ಇವನ ಅಂಕಲ್ಲೇ."

"ಅಂಕಲ್ ಅಂದ್ರೆ? ಸೋದರಮಾವಾನಾ, ಚಿಕ್ಕಪ್ಪಾನಾ?"

"ಒಬ್ಬೊಬ್ರು ಒಂದೊಂದು ಥರ ಬರೆದಿದಾರೆ."

"ಸೋದರಮಾವ ಹಾಗೆ ಮಾಡಲ್ಲ ಕಣೇ. ಚಿಕ್ಕಪ್ಪನೇ ಇರ್ಬೇಕು. ಆಸ್ತಿ ಇತ್ತು ಅಂದ್ಯಲ್ಲ."

ಐದು ವರ್ಷ ಜೈಲಿನಲ್ಲಿದ್ದು, ತಾನು ಯಾರೆಂದು ಒಮ್ಮೆಯೂ ಹೇಳದೆ ಸತ್ತನಂತೆ. ಹೆಣ ತೊಳೆಯುವಾಗ ಎದೆಯ ಮಚ್ಚೆ ಕಂಡಿತಂತೆ. ಈ 'ಅಂತೆ'ಗಳನ್ನು ನಾನು ಬೇಕೆಂದೇ ಇಟ್ಟಿದ್ದೇನೆ. ಆತ ಸತ್ತ ಊರು ಎರಡಿವೆ. ಜೈಲಿನ ಕಥೆ ನಡೆದದ್ದೇ ಬೇರೆ ಕಡೆ ಎನ್ನುವವರಿದ್ದಾರೆ. ನಾಯಿಯನ್ನು ಯಾರೋ ಆಮೇಲೆ ಸೇರಿಸಿದರು ಎನ್ನುವವರೂ ಇದ್ದಾರೆ. ಇಷ್ಟಂತೂ ನಿಜ: ಪ್ಲೇಗ್ ಬಡಿದ ಊರಿನವರು ಯಾರ ಅಪ್ಪಣೆಗೂ ಕಾಯದೆ ಆತನನ್ನು ಸಂತನನ್ನಾಗಿ ಮಾಡಿಕೊಂಡರು. ವೆನಿಸಿನಲ್ಲಿ ಆತನ ಹೆಸರಿನ ದೊಡ್ಡ ಚರ್ಚಿದೆ, ಗೋವೆಯ ಹಳ್ಳಿಗಳಲ್ಲಿ ಪುಟ್ಟ ಪುಟ್ಟವು ಇವೆ. ನಮ್ಮ ಹಳೇ ಬೆಂಗಳೂರಿನಲ್ಲಿ ಆತನ ಹೆಸರಿನ ಚರ್ಚು ನನಗೆ ಎಲ್ಲೂ ಸಿಗಲಿಲ್ಲ. ಚಾಮರಾಜಪೇಟೆಯ ಒಂದು ಚರ್ಚಿನಲ್ಲಿ ನಾಯಿಯ ಜೊತೆಗಿರುವ ಸಂತನ ಪ್ರತಿಮೆ ಇದೆ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅಷ್ಟನ್ನು ನಂಬಿ ಹೊರಟಿದ್ದೆವು.

ಅವೆನ್ಯೂ ರಸ್ತೆ ದಾಟಿ ನಗರ್ತಪೇಟೆಗೆ ಕಾಲ್ನಡಿಗೆ. ಕೈಗಾಡಿ, ಸ್ಕೂಟರು, ಬಟ್ಟೆಯ ಮೂಟೆ ಹೊತ್ತವರ ನಡುವೆ ಅತ್ತೆ ಭುಜ ಓರೆ ಮಾಡಿಕೊಂಡು ನನಗಿಂತ ಬೇಗ ನಡೆದರು. ನಮ್ಮ ತಾತನ ಅಂಗಡಿಯಿದ್ದ ಜಾಗದಲ್ಲಿ ಈಗ ಸೀರಿಯಲ್ ಸೆಟ್ ದೀಪಗಳನ್ನು ಮಾರುತ್ತಾರೆ. ಅತ್ತೆ ಆ ಕಡೆ ತಿರುಗಲೂ ಇಲ್ಲ. ನಾನು ತಿರುಗಿ ನೋಡಿದೆ. ನಾನು ನೋಡಿದ ಮಳಿಗೆ ಸರಿಯಾದದ್ದೋ ಅದರ ಪಕ್ಕದ್ದೋ ಖಾತ್ರಿಯಿಲ್ಲ.

ಹರಕೆಯ ಬೆಳ್ಳಿ ತಗಡು ಮಾಡುವ ಅಂಗಡಿ ಒಂದು ಓಣಿಯ ಒಳಗೆ ಇತ್ತು, ಕಬ್ಬಿಣದ ಬೀರುವಿನಷ್ಟು ಅಗಲ. ಗೋಡೆಯ ತುಂಬ ಬೆಳ್ಳಿಯ ಅವಯವಗಳು ನೇತಾಡುತ್ತಿದ್ದವು. ಹದಿನೈದು ದಿನದ ಹಿಂದೆ ಅತ್ತೆ ಇಲ್ಲಿಗೆ ಬಂದು ಶ್ವಾಸಕೋಶ ಕೇಳಿದಾಗ ಅಂಗಡಿಯವರು, "ಕಣ್ಣಿದೆ, ಕೈಯಿದೆ, ಕಾಲಿದೆ, ಹೊಟ್ಟೆ ಇದೆ, ತೊಟ್ಟಿಲಿದೆ. ಎದೇನೂ ಇದೆ. ಎದೆ ಒಳಗಿಂದು ಇಲ್ಲಮ್ಮ," ಎಂದಿದ್ದರಂತೆ. ಅತ್ತೆ ಮನೆಗೆ ಹೋಗಿ, ನನ್ನ ಆಸ್ಪತ್ರೆಯ ಎಕ್ಸ್‌ರೇ ಹಾಳೆ ತಂದು ಅವರ ಮುಂದೆ ಇಟ್ಟಿದ್ದರು. ಆ ಹಾಳೆ ಅವರ ಬಳಿ ಹೇಗೆ ಬಂತೆಂದು ನನಗೆ ಈವರೆಗೂ ತಿಳಿದಿಲ್ಲ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು, ಗೆರೆ ತೆಗೆದುಕೊಂಡು, ಕೈಯಲ್ಲೇ ಬಡಿದು ಮಾಡಿದ್ದರು.

"ಎಡಗಡೇದು ಸ್ವಲ್ಪ ಚಿಕ್ಕದಾಗಿದೆ, ತಪ್ಪು ತಿಳ್ಕೋಬೇಡಿ. ಫೋಟೋದಲ್ಲಿ ಹಾಗೇ ಇತ್ತು," ಎಂದು ನನ್ನ ಎದೆಯ ಕಡೆ ಸಂಕೋಚದಿಂದ ನೋಡಿದರು. "ಇವರದೇನಾ ಅದು?"

"ಇವಳದೇ," ಎಂದರು ಅತ್ತೆ ಹೆಮ್ಮೆಯಿಂದ.

ತೊಟ್ಟು ಕೂಡಿಸಿಟ್ಟ ಎರಡು ವೀಳ್ಯದೆಲೆಯ ಹಾಗಿತ್ತು ಅದು. ಅಂಗೈ ಮೇಲಿಟ್ಟುಕೊಂಡಾಗ ತಣ್ಣಗಿತ್ತು. ನನ್ನ ಒಳಗಿನದನ್ನು ಹೊರಗಿಟ್ಟು ನೋಡುವುದು ವಿಚಿತ್ರವೆನಿಸಿತು. ಆದರೆ ಆ ಹೊತ್ತು ನನ್ನಲ್ಲಿ ಎದ್ದದ್ದು ಕೃತಜ್ಞತೆ, ಅದರಲ್ಲಿ ಅನುಮಾನವಿಲ್ಲ. ನನಗೆ ಎಚ್ಚರವಿಲ್ಲದ ದಿನಗಳಲ್ಲಿ ಒಬ್ಬರು ನನಗಾಗಿ, ಹೆಸರೂ ಗೊತ್ತಿಲ್ಲದ ಯಾರನ್ನೋ ಅಂಗಲಾಚಿದ್ದರು. ಅತ್ತೆ ಅದನ್ನು ಅರಿಸಿನದ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಲ್ಲಿಂದ ಚಾಮರಾಜಪೇಟೆಗೆ ಆಟೊ. ನೂರು ಕೇಳಿದವನು ಎಂಬತ್ತಕ್ಕೆ ಬಂದ. ಚರ್ಚು ಸೇರಿದಾಗ ಹನ್ನೊಂದೂವರೆ. ಬೆಳಗಿನ ಪೂಜೆ ಮುಗಿದು ಒಳಗೆ ಯಾರೂ ಇರಲಿಲ್ಲ. ಒಬ್ಬ ವಯಸ್ಸಾದವರು ಮೇಣದ ಬತ್ತಿಯ ಸ್ಟ್ಯಾಂಡಿಗೆ ಅಂಟಿದ್ದ ಮೇಣವನ್ನು ಹಳೆಯ ಚಾಕುವಿನಿಂದ ಕೆರೆಯುತ್ತಿದ್ದರು. ಅತ್ತೆ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಬಲಗಡೆಯ ಗೋಡೆಯ ಗೂಡಿನಲ್ಲಿ ಪ್ರತಿಮೆ ಇತ್ತು. ಮೈಯೆಲ್ಲ ಹುಣ್ಣು, ಕಾಲ ಬಳಿ ನಾಯಿಗಳು. ಅದರ ಮುಂದೆ ಗಾಜಿನ ಮುಖದ ಹರಕೆ ಪೆಟ್ಟಿಗೆ. ಒಳಗೆ ಬೆಳ್ಳಿಯ ಕೈಕಾಲು, ತೊಟ್ಟಿಲು ಕಾಣುತ್ತಿದ್ದವು.

ಅತ್ತೆ ಮುಂದೆ ಹೋಗಿ ನಿಂತರು. ಕೈ ಮುಗಿಯಲಿಲ್ಲ. "ನಾಯಿ ಒಂದೇ ಇತ್ತು ಅನ್ಸತ್ತೆ ಕಣೇ," ಎಂದರು.

"ಆರು ವರ್ಷದಲ್ಲಿ ನೋಡಿದ್ದು ಅತ್ತೆ. ಒಂದೋ ಎರಡೋ ಹೇಗೆ ನೆನಪಿರತ್ತೆ?"

"ಇವರು ಇಷ್ಟು ಸೊರಗಿರ್ಲಿಲ್ಲ. ಟೋಪಿ ಇತ್ತು."

"ಆಗ ಹೊಸದಾಗಿ ಬಣ್ಣ ಹೊಡೆದಿದ್ರೇನೋ. ನಾಯಿ ಇದೆ, ಗಾಯ ಇದೆ. ಇವರೇ."

ನೆನಪು ಹೇಗೆ ಸುಳ್ಳು ಹೇಳುತ್ತದೆ ಎಂಬುದರ ಬಗ್ಗೆ ಇನ್ನೂ ಎರಡು ಮಾತು ಆಡಿದೆ. ನನಗೆ ಅದು ಚೆನ್ನಾಗಿ ಬರುತ್ತದೆ. ಓದಿದವಳು ಹೇಳಿದ್ದು ಸರಿಯಿರಬೇಕೆಂದು ಅತ್ತೆ ಬಟ್ಟೆ ಬಿಚ್ಚಿ, ತಗಡನ್ನು ಹಣೆಗೆ ಮುಟ್ಟಿಸಿ, ಪೆಟ್ಟಿಗೆಯ ಸೀಳಿನೊಳಗೆ ಬಿಟ್ಟರು. ಅದು ಒಂದು ತೊಟ್ಟಿಲಿನ ಮೇಲೆ ಠಣ್ಣೆಂದು ಬಿತ್ತು.

ಸದ್ದಿಗೆ ಮೇಣ ಕೆರೆಯುತ್ತಿದ್ದವರು ತಿರುಗಿದರು. ಅವರು ಆ ಚರ್ಚನ್ನು ನೋಡಿಕೊಳ್ಳುವ ಇನ್ನಾಸಪ್ಪ. "ಯಾರಿಗಮ್ಮ ಹರಕೆ?" ಎಂದರು.

"ಸಂತ ರೋಕ್ ಅವರಿಗೆ," ಎಂದೆ ನಾನು.

"ರೋಕಪ್ಪನವ್ರಿಗಾ?" ಅವರು ಚಾಕು ಕೆಳಗಿಟ್ಟರು. "ಅಯ್ಯೋ ತಾಯಿ, ಇವ್ರು ಲಾಜರ. ಏಸುಸ್ವಾಮಿ ಹೇಳಿದ ಕಥೇಲಿ ಬರ್ತಾರಲ್ಲ, ಸಾಹುಕಾರನ ಮನೆ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕ, ಅವ್ರು. ನೋಡಿ, ಎರಡು ಊರುಗೋಲು, ಎರಡು ನಾಯಿ. ರೋಕಪ್ಪನವ್ರಿಗೆ ಒಂದೇ ನಾಯಿ. ತಲೆ ಮೇಲೆ ಯಾತ್ರೆ ಟೋಪಿ."

ಅತ್ತೆ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

ಪೆಟ್ಟಿಗೆಯ ಕೀಲಿ ಫಾದರ್ ಹತ್ತಿರ. ಫಾದರ್ ಮೈಸೂರಿನಲ್ಲಿ, ಬರುವುದು ಶನಿವಾರ. ಹಾಗೆಂದು ಇನ್ನಾಸಪ್ಪ ಹೇಳುತ್ತಿದ್ದಂತೆ ಅತ್ತೆ ಕೈ ಅಡ್ಡ ಮಾಡಿದರು. "ಕೀಲಿ ಇದ್ರೂ ಬೇಡ. ದೇವರ ಪೆಟ್ಟಿಗೆಯಿಂದ ಕೊಟ್ಟಿದ್ದು ವಾಪಸ್ ತೆಗೀತಾರಾ? ನಮ್ಮ ಮನೇಲಿ ಯಾರೂ ಹಾಗೆ ಮಾಡಿಲ್ಲ." ಆಮೇಲೆ ಬೆಂಚಿನ ಮೇಲೆ ಕೂತು, ಹೊಟ್ಟೆಯ ಬಲಭಾಗವನ್ನು ಒಂದು ಕೈಯಲ್ಲಿ ಒತ್ತಿಕೊಂಡು, "ಗುರುವಾರ ಆಗಲ್ಲ. ರಾಜುಗೆ ಫೋನ್ ಮಾಡಿ ಹೇಳ್ಬಿಡು," ಎಂದರು.

"ನೋವಾ ಅತ್ತೆ?"

"ಇಲ್ಲ. ಹಸಿವು." ಅದು ಸುಳ್ಳೆಂದು ಗೊತ್ತಾಯಿತು.

ನಾನು ಫೋನ್ ತೆಗೆಯಲಿಲ್ಲ. ಇಪ್ಪತ್ತಾರು ವರ್ಷ ಕಡತ ನೋಡಿದ ತಲೆ ಆರು ವರ್ಷದ ಹುಡುಗಿಯ ಕಣ್ಣಿನ ಮುಂದೆ ಸೋತಿತ್ತು. ಅದಕ್ಕಿಂತ ಹೆಚ್ಚಾಗಿ, ಅವರ ಗುರುವಾರವನ್ನು ನನ್ನ ಕೈಯಾರೆ ಒಂದು ಗಾಜಿನ ಪೆಟ್ಟಿಗೆಯೊಳಗೆ ಹಾಕಿಸಿದ್ದೆ.

ಇನ್ನಾಸಪ್ಪ ನಮ್ಮ ಪಕ್ಕದ ಬೆಂಚಿನಲ್ಲಿ ಕೂತು ನಿಧಾನವಾಗಿ ಮಾತು ತೆಗೆದರು. "ರೋಕಪ್ಪನವ್ರು ಮುಂಚೆ ಪೇಟೆ ಕಡೆ ಒಂದು ಸಣ್ಣ ಗುಡಿನಲ್ಲಿದ್ರಂತೆ. ರಸ್ತೆ ಅಗಲ ಮಾಡ್ದಾಗ ಗುಡಿ ಹೋಯ್ತು ಅಂತ ನಮ್ಮಪ್ಪ ಹೇಳೋರು. ನಾನಂತೂ ನೋಡಿಲ್ಲ. ಈಗ ಬಸವನಗುಡಿ ಕಡೆ ಸಿಸ್ಟರುಗಳ ಹೊಲಿಗೆ ಶಾಲೆಯ ಚಾಪೆಲಲ್ಲಿದಾರೆ. ಹೋಗಿ ಬನ್ನಿ. ಬರೀ ಕೈಲಿ ಹೋಗ್ಬೇಡಿ, ಒಂದು ಬನ್ನು ತಗೊಂಡ್ ಹೋಗಿ."

"ಬನ್ನಾ?" ಎಂದರು ಅತ್ತೆ.

"ಬನ್ನೇ. ಅಲ್ಲಿ ಗೊತ್ತಾಗತ್ತೆ."

ಅತ್ತೆ ಎದ್ದರು. ಹೋಗಿ ನೋಡಿಕೊಂಡಾದರೂ ಬರೋಣ ಎಂದರು. ಹೋಗುವ ಮುನ್ನ ಲಾಜರನ ಮುಂದೆ ನಿಂತು ಕೈ ಮುಗಿದು, "ನಿಮಗೂ ಇರ್ಲಿ ಬಿಡಿ, ಯಾರೂ ಕೊಟ್ಟಿರಲ್ಲ," ಎಂದದ್ದು ನನಗೆ ಕೇಳಿಸಿತು.

ಕೊನೆಯ ಈ ದಾರಿಗಾದರೂ ಆಟೊ ಬೇಡವೆಂದರು, ನಡೆಸಿಕೊಂಡು ಬರುತ್ತೇನೆಂದು ತಾನೇ ಹರಕೆ. ಒಂದೂವರೆ ಕಿಲೋಮೀಟರ್ ದಾರಿಗೆ ಐವತ್ತು ನಿಮಿಷ ಹಿಡಿಯಿತು. ಮೂರು ಕಡೆ ಕೂತೆವು. ಒಂದು ಕಲ್ಲುಬೆಂಚಿನ ಮೇಲೆ ಕೂತಾಗ ಅತ್ತೆ ಅಜ್ಜಿಯ ಕಥೆ ಹೇಳಿದರು. ನಾನು ಅದನ್ನು ಮೊದಲೂ ಕೇಳಿದ್ದೆ, ಬೇರೆ ಬೇರೆ ರೂಪದಲ್ಲಿ.

ಬೆಂಗಳೂರಿಗೆ ಪ್ಲೇಗ್ ಬಂದಾಗ ಅತ್ತೆಯ ಅಜ್ಜಿಗೆ ಹತ್ತು ವರ್ಷವಿರಬಹುದು. ಪೇಟೆಯ ಜನ ಮನೆ ಬಿಟ್ಟು ಊರಾಚೆ ಶೆಡ್ಡುಗಳಲ್ಲಿ ಇದ್ದರು. ಅಲ್ಲಿ ಅಜ್ಜಿಯ ತಾಯಿ ತೀರಿಹೋದರು. ಹುಡುಗಿಗೂ ಜ್ವರ. ಮುಟ್ಟಲು ಯಾರೂ ಬರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಒಂದು ರೊಟ್ಟಿ ಇರುತ್ತಿತ್ತು, ಪಕ್ಕದಲ್ಲಿ ಒಂದು ನಾಯಿ. ನಾಯಿಯೇ ತಂದದ್ದೆಂದು ಹುಡುಗಿ ನಂಬಿದಳು. ಇನ್ನೊಬ್ಬರ ಮನೆಯ ನೀರನ್ನೂ ಮುಟ್ಟದವರ ಮಗಳು ಆ ರೊಟ್ಟಿ ತಿಂದು ಬದುಕಿದಳು. ಇದು ಅತ್ತೆಯ ಪಾಠ. ನನ್ನ ತಂದೆಯ ಪಾಠದಲ್ಲಿ ರೊಟ್ಟಿ ಇಟ್ಟು ಹೋಗುತ್ತಿದ್ದವನು ಒಬ್ಬ ಕ್ರಿಶ್ಚಿಯನ್ ಉಪದೇಶಿ. ನಾಯಿ ಅವನ ಹಿಂದೆ ಬರುತ್ತಿದ್ದದ್ದು. ದೊಡ್ಡಪ್ಪನ ಮಗನ ಪಾಠದಲ್ಲಿ ನಾಯಿಯೇ ಇಲ್ಲ, ರೊಟ್ಟಿಯ ಬದಲು ರಾಗಿ ಗಂಜಿ. ಅಜ್ಜಿ ಮುಂದೆ ಎಂದೋ ಆ ಗುಡಿಯಲ್ಲಿ ಸಂತನ ಕಥೆ ಕೇಳಿ, ಅದನ್ನೇ ತನ್ನ ಕಥೆಗೆ ಹೊಲಿದುಕೊಂಡಿರಬಹುದು. ಮೊದಲಾಗಿದ್ದರೆ ಇದನ್ನು ಅತ್ತೆಗೆ ಬಿಡಿಸಿ ಹೇಳುತ್ತಿದ್ದೆ. ಈ ದಿನ ಬಾಯಿ ಮುಚ್ಚಿಕೊಂಡಿದ್ದೆ.

ನಾವು ಕೂತಿದ್ದ ಬಸವನಗುಡಿಯೂ ನಾವು ಹೊರಟ ಮಲ್ಲೇಶ್ವರವೂ ಅದೇ ಪ್ಲೇಗಿನ ಮಕ್ಕಳು. ಪೇಟೆಯ ಇಕ್ಕಟ್ಟಿಗೆ ಹೆದರಿದ ಜನಕ್ಕೆ ಗಾಳಿ ಬೆಳಕು ಬರಲೆಂದು ಅಗಲ ರಸ್ತೆ ಬಿಟ್ಟು ಕಟ್ಟಿದ ಬಡಾವಣೆಗಳು. ಇಷ್ಟು ವರ್ಷ ಇಲ್ಲಿಯ ಮರದ ನೆರಳಲ್ಲಿ ಓಡಾಡಿದೆನಲ್ಲ, ಯಾರ ಉಸಿರಿಗಾಗಿ ಬಿಟ್ಟ ಜಾಗವೆಂದು ಯೋಚಿಸಿರಲಿಲ್ಲ.

ದಾರಿಯಲ್ಲಿ ಒಂದು ಅಯ್ಯಂಗಾರ್ ಬೇಕರಿ ಸಿಕ್ಕಿತು. ಅತ್ತೆ ಬನ್ನುಗಳನ್ನು ಒತ್ತಿ ಒತ್ತಿ ನೋಡಿದರು.

"ಬೆಳಿಗ್ಗೇದೇ ಅಮ್ಮ, ಫ್ರೆಶ್ಶು. ಮಕ್ಕಳಿಗಾ?" ಎಂದರು ಬೇಕರಿಯವರು.

"ನಾಯಿಗೆ," ಎಂದರು ಅತ್ತೆ.

"ಹಾಗಾದ್ರೆ ನಿನ್ನೇದು ಕೊಡ್ಲಾ, ಕಮ್ಮಿಗೆ?"

"ಇವತ್ತಿಂದೇ ಕೊಡಪ್ಪ. ಅದು ಸಾಮಾನ್ಯ ನಾಯಿ ಅಲ್ಲ."

ಹೊಲಿಗೆ ಶಾಲೆ ಒಂದು ಅಡ್ಡರಸ್ತೆಯ ಕೊನೆಯಲ್ಲಿತ್ತು. ಹತ್ತು ಹದಿನೈದು ಯಂತ್ರಗಳ ಸದ್ದು ರಸ್ತೆಗೇ ಕೇಳುತ್ತಿತ್ತು. ವಯಸ್ಸಾದ ಸಿಸ್ಟರ್ ಒಬ್ಬರು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಚಾಪೆಲ್ ತೋರಿಸಿದರು. ಚಾಪೆಲ್ ಈಚಿನದು. ಬಿಳಿ ಟೈಲ್ಸ್, ಕಂದು ವಾರ್ನಿಶಿನ ಬಾಗಿಲು. ಹಸಿರು ಎಲ್ಲೂ ಇರಲಿಲ್ಲ. ಒಳಗೆ ಖಾಕಿ ಅಂಗಿಯ ಆಟೊ ಚಾಲಕರೊಬ್ಬರು ಮೇಣದ ಬತ್ತಿ ಹಚ್ಚಿಟ್ಟು ಮಂಡಿಯೂರಿ ಕೂತಿದ್ದರು.

ಎರಡೂವರೆ ಅಡಿಯ ಮರದ ಪ್ರತಿಮೆ. ಅಗಲ ಅಂಚಿನ ಟೋಪಿ, ಕೋಲು. ಅಂಗಿ ಎತ್ತಿ ತೊಡೆಯ ಗಾಯ ತೋರಿಸುವ ಬೆರಳು. ಒಂದೇ ನಾಯಿ. ಆದರೆ ನಾಯಿಯ ಬಾಯಿ ಖಾಲಿ. ರೊಟ್ಟಿ ಇರಬೇಕಾದ ಕಡೆ ಒಂದು ಮೊಳೆ ಮಾತ್ರ ಹೊರಗೆ ಚಾಚಿತ್ತು.

"ಇಲ್ಲಿಗೆ ತರುವಾಗ ರೊಟ್ಟಿ ಮುರಿದುಹೋಯ್ತಂತೆ," ಎಂದರು ಸಿಸ್ಟರ್. "ಯಾರೋ ಒಬ್ರು ನೋಡಕ್ಕಾಗದೆ ನಿಜವಾದ್ದೇ ತಂದು ಸಿಕ್ಕಿಸಿದ್ರು. ಈಗ ಬಂದವ್ರೆಲ್ಲ ಹಾಗೇ ಮಾಡ್ತಾರೆ. ರಿಪೇರಿ ಮಾಡಿಸ್ಬಿಡೋಣ ಅಂದ್ರೆ ಜಗಳಕ್ಕೇ ಬರ್ತಾರೆ. ನೀವೂ ಇಡಿ. ಪ್ರಾರ್ಥನೆ ಆದ್ಮೇಲೆ ತೆಗೆದು ಎಲ್ರೂ ಒಂದೊಂದು ಚೂರು ತಿನ್ನೋದು."

ಅತ್ತೆ ಬಹಳ ಹೊತ್ತು ನೋಡಿದರು. ಇದೇ ಎಂದಾಗಲಿ ಇದಲ್ಲ ಎಂದಾಗಲಿ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬನ್ನನ್ನು ಎರಡೂ ಕೈಯಲ್ಲಿ ಹಿಡಿದು ನಾಯಿಯ ಬಾಯಿಗೆ ಕೊಟ್ಟರು. ಮೊಳೆಗೆ ಸರಿಯಾಗಿ ಕೂತಿತು. ಸೆರಗು ಹೊದ್ದುಕೊಂಡು, ಪಕ್ಕದ ಮನೆಯವರ ಜೊತೆ ಮಾತಾಡುವ ಧಾಟಿಯಲ್ಲಿ ಸಂತರ ಜೊತೆ ಮಾತಾಡಿದರು.

"ಸ್ವಾಮಿ, ನಾನು ನೀಲಮ್ಮ. ನಾಲ್ಕು ವರ್ಷ ತಡ ಆಯ್ತು. ಬೆಳ್ಳೀದು ಮಾಡಿಸಿದ್ದೆ, ಒಳ್ಳೇದಾಗೇ ಬಂದಿತ್ತು. ಅದು ತಪ್ಪಿ ಆ ಕಡೆ ಲಾಜರಪ್ಪನವರಿಗೆ ಹೋಯ್ತು. ನಾನು ಬೇಡ ಅಂದೆ, ಇವಳು ಕೇಳ್ಲಿಲ್ಲ. ಓದಿದವಳು." ಅವರು ಏನೋ ನಿರ್ಧಾರಕ್ಕೆ ಬಂದದ್ದು ಬೆನ್ನಿನಲ್ಲೇ ಕಂಡಿತು. ತಿರುಗಿ ನನ್ನ ಮೊಣಕೈ ಹಿಡಿದು ಮುಂದಕ್ಕೆ ಎಳೆದರು. "ತಗೊಳಿ, ನಿಜವಾದ್ದನ್ನೇ ತಂದಿದೀನಿ. ಏ ಗಿರಿಜಾ, ಉಸಿರು ಎಳ್ಕೊ."

"ಅತ್ತೆ, ಇಲ್ಲಿ..."

"ಎಳ್ಕೊಳೇ. ಎಷ್ಟು ಆಗತ್ತೋ ಅಷ್ಟು."

ಆಸ್ಪತ್ರೆಯಿಂದ ಬಂದ ಮೇಲೆ ತಿಂಗಳುಗಟ್ಟಲೆ ನಾನು ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯ ನಳಿಕೆ ಕಚ್ಚಿ ಉಸಿರು ಎಳೆಯುತ್ತಿದ್ದೆ. ಎರಡನೆಯ ಚೆಂಡು ಅಲುಗಾಡಿ ಕೆಳಗೇ ಕೂರುತ್ತಿತ್ತು. ಆಮೇಲೆ ಎಂದೋ ಆ ಅಭ್ಯಾಸ ಬಿಟ್ಟೆ. ಉಸಿರಾಡುತ್ತಿದ್ದೇನೆ ಎಂಬುದನ್ನೂ ಮರೆತೆ. ಈಗ ಮೇಣದ ವಾಸನೆ, ಬನ್ನಿನ ವಾಸನೆ, ಯಂತ್ರದೆಣ್ಣೆಯ ವಾಸನೆ ಎಲ್ಲವನ್ನೂ ಸೇರಿಸಿ ಒಳಗೆ ಎಳೆದುಕೊಂಡೆ. ಪಕ್ಕೆಲುಬು ಬಿರಿಯುವಷ್ಟು ತುಂಬಿತು. ಎಲ್ಲೂ ನೋಯಲಿಲ್ಲ. ಕಣ್ಣಲ್ಲಿ ನೀರು ಬಂತು.

"ಹ್ಞಾ, ಬಿಡು ಈಗ. ಜೋರಾಗಿ. ಅವರಿಗೆ ಕೇಳಿಸ್ಲಿ."

ಬಿಟ್ಟೆ. ಮುಂದಿದ್ದ ಮೇಣದ ಬತ್ತಿ ಆರಿಹೋಯಿತು.

"ಅಯ್ಯಯ್ಯೋ ಮೇಡಂ!" ಆಟೊ ಚಾಲಕರು ಮಂಡಿಯಿಂದ ಎದ್ದೇಬಿಟ್ಟರು. "ಅದು ನನ್ನ ಮಗಳ ಪರೀಕ್ಷೆದು!"

ನಾನು ತಬ್ಬಿಬ್ಬಾಗಿ ನಿಂತೆ. ಅತ್ತೆ ಮಾತ್ರ ಚಪ್ಪಾಳೆ ತಟ್ಟುವುದೊಂದು ಬಾಕಿ. "ನೋಡಿದ್ರಾ ಸ್ವಾಮಿ, ಎಷ್ಟು ಜೋರು! ಆವತ್ತು ಫೋನಲ್ಲಿ 'ಹಲೋ' ಅನ್ನಕ್ಕೂ ಆಗ್ತಿರ್ಲಿಲ್ಲ ಇವಳಿಗೆ!"

ಚಾಲಕರು ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಕೊರೋನಾನಾ ಎಂದು ಕೇಳಿದರು. ಹೌದೆಂದೆ. "ನಮ್ಮ ಅಣ್ಣ ಹೋದ್ರು," ಎಂದರು. ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟರು. "ನೀವೇ ಹಚ್ಚಿ. ಗಟ್ಟಿ ಕೈ ನಿಮ್ದು." ನಾನು ಅವರ ಬತ್ತಿ ಹಚ್ಚಿದೆ, ಪಕ್ಕದಲ್ಲಿ ಅವರ ಅಣ್ಣನಿಗೊಂದು ಹಚ್ಚಿದೆ.

"ಹರಕೆ ಸಂದ ಹಾಗೇನಾ ಸಿಸ್ಟರ್?" ಎಂದೆ ನಾನು. ಅತ್ತೆ ಕೇಳಲಾರರೆಂದು ನಾನೇ ಕೇಳಿದ್ದು.

ಸಿಸ್ಟರ್ ಕೊರಳ ಟೇಪನ್ನು ಸರಿ ಮಾಡಿಕೊಳ್ಳುತ್ತಾ ಪ್ರತಿಮೆಯ ಕಡೆ ನೋಡಿದರು. "ಅವರು ಬೇಡ ಅಂದಿದ್ದು ನಾನಂತೂ ಕೇಳಿಲ್ಲ," ಎಂದರು.

ಬನ್ನು ಐದು ಚೂರಾಯಿತು. ಅತ್ತೆ ತಮ್ಮ ಪಾಲನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಐದನೆಯದು ರಸ್ತೆಯ ನಾಯಿಗಳದ್ದೆಂದು ಸಿಸ್ಟರ್ ತೆಗೆದಿಟ್ಟರು.

ಪೇಟೆಯ ಗುಡಿಯಲ್ಲಿದ್ದ ಪ್ರತಿಮೆ ಇದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಎಲ್ಲಿಂದ ಬಂತೆಂದು ಸಿಸ್ಟರಿಗೂ ಗೊತ್ತಿರಲಿಲ್ಲ. ಕಡತದಲ್ಲಿ ಹುಡುಕಿದರೆ ಸಿಗಬಹುದು. ಹುಡುಕುವುದಿಲ್ಲ ಎಂದುಕೊಂಡೆ.

ಆಟೊ ಚಾಲಕರೇ ನಮ್ಮನ್ನು ಎನ್.ಆರ್. ಕಾಲೋನಿಗೆ ಬಿಡುತ್ತೇನೆಂದರು. ಕೇಳದೆಯೇ ಮೀಟರ್ ಹಾಕಿದರು. ಮೂಲೆ ತಿರುಗುವಾಗ ನಾನು ಹಿಂದಕ್ಕೆ ಬಾಗಿ ನೋಡಿದೆ. ಹೊಲಿಗೆ ಹುಡುಗಿಯರು ಊಟದ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದರು. ತುಂತುರು ನಿಂತು ಬಿಸಿಲು ಬಂದಿತ್ತು.

"ಏನಪ್ಪಾ, ಮಗಳ ಹೆಸರೇನು?" ಎಂದರು ಅತ್ತೆ ಮುಂದಕ್ಕೆ ಬಾಗಿ.

"ಐಶ್ವರ್ಯ ಅಮ್ಮ. ನರ್ಸಿಂಗ್ ಕೊನೇ ವರ್ಷ."

"ರಿಸಲ್ಟ್ ಯಾವಾಗ?"

"ಸೆಪ್ಟೆಂಬರ್ ಅಂತಿದಾರೆ."

ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು. "ಪಾಸಾದ್ರೆ ನಾನೂ ಬಂದು ಒಂದು ಬನ್ನು ಇಟ್ಟು ಹೋಗ್ತೀನಿ. ಸೆಪ್ಟೆಂಬರ್ ಅಷ್ಟೊತ್ತಿಗೆ ಆಪರೇಶನ್ ಆಗಿ ಹೊಲಿಗೆ ಎಲ್ಲಾ ಬಿಚ್ಚಿರ್ತಾರೆ."